ಹಾಟ್ ರಾಡ್ ಮಾದರಿ: ಗಾಲಿ ಹೇಳುವ ಕಾಲ

ಕಾರಿನ ಪ್ಲಾಸ್ಟಿಕ್ ಮಾದರಿಗಳನ್ನು ಜೋಡಿಸುವ ಹವ್ಯಾಸಿಗಳು ಬಣ್ಣಕ್ಕೆ ಹಾಗೂ ಎಂಜಿನ್ನಿಗೆ ನೀಡುವಷ್ಟು ಗಮನವನ್ನು ಸಾಮಾನ್ಯವಾಗಿ ಗಾಲಿಗಳಿಗೆ ನೀಡುವುದಿಲ್ಲ. ಪೆಟ್ಟಿಗೆಯಲ್ಲಿ ಬಂದದ್ದನ್ನು ಅಂಟಿಸಿ ಕೆಲಸ ಮುಗಿಸುವುದೇ ಹೆಚ್ಚು. ಆದರೆ ಅಮೆರಿಕದ ಸಾಂಪ್ರದಾಯಿಕ ‘ಹಾಟ್ ರಾಡ್’ ಕಾರುಗಳ ಮಾದರಿಯಲ್ಲಿ ಈ ಉದಾಸೀನ ದುಬಾರಿಯಾಗುತ್ತದೆ. 1948ರ ಕಾರು ಎಂದು ಫಲಕ ಹಾಕಿದ ಮಾದರಿಗೆ 1964ರಲ್ಲಿ ಮಾರುಕಟ್ಟೆಗೆ ಬಂದ ಗಾಲಿಗಳನ್ನು ತೊಡಿಸಿದರೆ, ಉಳಿದೆಲ್ಲ ಕೆಲಸ ಎಷ್ಟೇ ನಾಜೂಕಾಗಿದ್ದರೂ ಆ ಫಲಕ ಸುಳ್ಳಾಗುತ್ತದೆ. ಕಾಲಕ್ಕೆ ತಕ್ಕ ಗಾಲಿಯನ್ನು ಆಯ್ದುಕೊಳ್ಳುವ ಬಗೆ ಹೇಗೆ ಎಂಬುದರ ವಿವರ ಇಲ್ಲಿದೆ.

ಹಾಟ್ ರಾಡ್ ಎಂದರೆ...

ಅಗ್ಗದ ಹಳೆಯ ಕಾರೊಂದನ್ನು ಕೊಂಡು, ಮಡ್‌ಗಾರ್ಡ್ ಮೊದಲಾದ ಅನಗತ್ಯ ಭಾರವನ್ನು ಕಳಚಿ, ಎಂಜಿನ್ನಿನ ಶಕ್ತಿ ಹೆಚ್ಚಿಸಿ ವೇಗಕ್ಕಾಗಿಯೇ ಮಾರ್ಪಡಿಸಿದ ವಾಹನಕ್ಕೆ ಹಾಟ್ ರಾಡ್ ಎಂದು ಹೆಸರು. ಕ್ಯಾಲಿಫೋರ್ನಿಯಾದ ಮುರಾಕ್, ಎಲ್ ಮಿರಾಜ್ ಮುಂತಾದ ಒಣಗಿದ ಕೆರೆಯಂಗಳಗಳು ಈ ಹವ್ಯಾಸದ ತವರು. ಗಟ್ಟಿಯಾದ, ಸಮತಟ್ಟಾದ, ಮೈಲುಗಟ್ಟಲೆ ಚಾಚಿದ ಆ ನೆಲದ ಮೇಲೆ ಯುವಕರು ತಮ್ಮ ಕಾರುಗಳ ವೇಗವನ್ನು ಪರೀಕ್ಷಿಸುತ್ತಿದ್ದರು. ಅವರ ಕ್ಲಬ್‌ಗಳನ್ನು ಒಗ್ಗೂಡಿಸಲು 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಸ್ಥಾಪನೆಯಾಯಿತು. 1948ರ ಜನವರಿಯಲ್ಲಿ ‘ಹಾಟ್ ರಾಡ್’ ಎಂಬ ಮಾಸಪತ್ರಿಕೆಯೇ ಹೊರಬಂದಿತು. 1949ರಲ್ಲಿ ಯೂಟಾ ರಾಜ್ಯದ ಬಾನವಿಲ್ ಉಪ್ಪುಬಯಲಿನಲ್ಲಿ ವೇಗ ಸಪ್ತಾಹ ಆರಂಭಗೊಂಡಿತು. 1951ರಲ್ಲಿ ವಾಲಿ ಪಾರ್ಕ್ಸ್ ನೇತೃತ್ವದಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಹುಟ್ಟಿಕೊಂಡಿತು.

ಈ ಯುವಕರ ಅಚ್ಚುಮೆಚ್ಚಿನ ಕಾರು 1932ರ ಫೋರ್ಡ್. ‘ಡ್ಯೂಸ್’ ಎಂಬ ಅಡ್ಡಹೆಸರಿನ ಈ ಕಾರಿನ ಮೂಲಕ ಹೆನ್ರಿ ಫೋರ್ಡ್ ಸಾಮಾನ್ಯರ ಕೈಗೆಟಕುವ ಬೆಲೆಗೆ ಎಂಟು ಸಿಲಿಂಡರಿನ ವಿ-8 ಎಂಜಿನ್ ನೀಡಿದರು. 221 ಘನ ಅಂಗುಲದ ಆ ಎಂಜಿನ್ನಿನ ಶಕ್ತಿ 65 ಅಶ್ವಶಕ್ತಿ. ಅದಕ್ಕೂ ಹಿಂದಿನ ‘ಮಾಡೆಲ್ ಟಿ’ ಹಾಗೂ 1928ರಿಂದ 1931ರವರೆಗೆ ತಯಾರಾದ ‘ಮಾಡೆಲ್ ಎ’ ಕೂಡ ಹಾಟ್ ರಾಡ್‌ಗಳಿಗೆ ಆಧಾರವಾದವು. ಇಂತಹ ಕಾರುಗಳನ್ನು ಸುಮಾರು 1960ರ ದಶಕದ ಮಧ್ಯಭಾಗದವರೆಗೆ ದೊರೆಯುತ್ತಿದ್ದ ಬಿಡಿಭಾಗಗಳಿಂದ, ಅಂದಿನ ಪದ್ಧತಿಯಲ್ಲೇ ಕಟ್ಟಿದರೆ ಅವುಗಳನ್ನು ಸಾಂಪ್ರದಾಯಿಕ ಹಾಟ್ ರಾಡ್ ಎನ್ನುವುದು ವಾಡಿಕೆ.

ಗಾಲಿಯೇ ಏಕೆ ಕಾಲಸೂಚಕ?

ಕಾಲ ನಮೂದಾಗದ ಶಾಸನದ ಕಾಲವನ್ನು ವಿದ್ವಾಂಸರು ಅದರ ಅಕ್ಷರಗಳ ರೂಪ ನೋಡಿ ಅಂದಾಜು ಮಾಡುತ್ತಾರೆ. ಹಾಟ್ ರಾಡ್‌ಗೂ ಇದೇ ನ್ಯಾಯ ಅನ್ವಯಿಸುತ್ತದೆ. ಕಾರಿನ ಒಡಲು 1932ರದ್ದೇ ಆಗಿರಬಹುದು, ಆದರೆ ಆ ಹಾಟ್ ರಾಡಿನ ಕಾಲವನ್ನು ನಿರ್ಧರಿಸುವುದು ಅದರಲ್ಲಿರುವ ಅತ್ಯಂತ ಹೊಸ ಭಾಗ. ಅದಕ್ಕಿಂತ ಹಿಂದೆ ಆ ಕಾರು ಆ ರೂಪದಲ್ಲಿ ಇರಲು ಸಾಧ್ಯವೇ ಇಲ್ಲ. ಎಂಜಿನ್ ಮುಚ್ಚಳದ ಅಡಿಯಲ್ಲಿ ಅಡಗಿರಬಹುದು. ಗಾಲಿಗಳು ಮಾತ್ರ, ಅದರಲ್ಲೂ ಮಡ್‌ಗಾರ್ಡ್ ಇಲ್ಲದ ಕಾರಿನಲ್ಲಿ, ನಾಲ್ಕೂ ಕಡೆಯಿಂದ ಕಣ್ಣಿಗೆ ಬೀಳುತ್ತವೆ.

ಇದು ಕೇವಲ ಹವ್ಯಾಸಿಗಳ ಮಡಿವಂತಿಕೆಯಲ್ಲ. ಹಾಟ್ ರಾಡ್ ಕಟ್ಟಿದವರಲ್ಲಿ ಬಹುಪಾಲು ಜನ ಸೀಮಿತ ಆದಾಯದ ಯುವಕರು. ಗುಜರಿ ಅಂಗಳದಲ್ಲಿ ಯಾವುದು ಅಗ್ಗವಾಗಿ ಸಿಕ್ಕಿತು, ಯಾವುದಕ್ಕೆ ಹಣ ಕೂಡಿಡಬೇಕಾಯಿತು, ಯುದ್ಧದಿಂದಾಗಿ ಯಾವುದು ಸಿಗದೇ ಹೋಯಿತು ಎಂಬುದನ್ನೆಲ್ಲ ಗಾಲಿ ದಾಖಲಿಸುತ್ತದೆ. ಭಾಗಗಳನ್ನು ಒಂದು ಕಾರಿನಿಂದ ಇನ್ನೊಂದಕ್ಕೆ ದಾಟಿಸುವುದೇ ಈ ಹವ್ಯಾಸದ ಸ್ವಭಾವವಾದ್ದರಿಂದ, ಮೊದಲು ಕಟ್ಟಿದ ರೂಪದಲ್ಲೇ ಉಳಿದುಬಂದ ಕಾರುಗಳು ವಿರಳ. ಬಾಬ್ ಮೆಗೀ ಅವರ 1932ರ ಫೋರ್ಡ್ ರೋಡ್‌ಸ್ಟರ್ ಇದಕ್ಕೊಂದು ನಿದರ್ಶನ. 1948ರ ಅಕ್ಟೋಬರ್ ತಿಂಗಳ ‘ಹಾಟ್ ರಾಡ್’ ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡ ಆ ಕಾರು ಮುಂದೆ ಡಿಕ್ ಸ್ಕ್ರಿಚ್‌ಫೀಲ್ಡ್ ಅವರ ಕೈಸೇರಿ ರೂಪ, ಬಣ್ಣ ಬದಲಿಸಿಕೊಂಡಿತು. ದಶಕಗಳ ನಂತರ ಅದನ್ನು ಮತ್ತೆ 1948ರ ರೂಪಕ್ಕೆ ತರಲಾಯಿತು. ಹೀಗಿರುವಾಗ ‘ಮೆಗೀ ಕಾರಿನ ಮಾದರಿ’ ಎಂದರೆ ಸಾಲದು, ಯಾವ ವರ್ಷದ ಮೆಗೀ ಕಾರು ಎಂಬುದೂ ತೀರ್ಮಾನವಾಗಬೇಕು. ಮಾದರಿಕಾರ ಮೊದಲು ವರ್ಷವನ್ನು ಗೊತ್ತುಪಡಿಸಿಕೊಂಡು ಆನಂತರವೇ ಗಾಲಿಗೆ ಕೈ ಹಾಕಬೇಕೆನ್ನುವುದು ಈ ಕಾರಣಕ್ಕೆ.

ಕಾರ್ಖಾನೆಯಿಂದ ಬಂದ ಗಾಲಿಗಳು

ಫೋರ್ಡ್ ಕಂಪನಿಯ ಗಾಲಿಗಳು ಕೆಲವೇ ವರ್ಷಗಳಲ್ಲಿ ಕ್ರಮವಾಗಿ ಚಿಕ್ಕದಾಗುತ್ತ ಬಂದವು. ಈ ಕ್ರಮ ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ.

- 1928-29ರ ಮಾಡೆಲ್ ಎ: 21 ಅಂಗುಲದ ಕಡ್ಡಿ ಗಾಲಿ, ಟೈರ್ 4.50-21
- 1930-31ರ ಮಾಡೆಲ್ ಎ: 19 ಅಂಗುಲದ ಕಡ್ಡಿ ಗಾಲಿ, ಟೈರ್ 4.75-19
- 1932: 18 ಅಂಗುಲದ ಕಡ್ಡಿ ಗಾಲಿ, ಟೈರ್ 5.25-18
- 1933-34: 17 ಅಂಗುಲದ ಕಡ್ಡಿ ಗಾಲಿ, ಟೈರ್ 5.50-17
- 1935: 16 ಅಂಗುಲದ ಕಡ್ಡಿ ಗಾಲಿ, ಟೈರ್ 6.00-16
- 1936ರಿಂದ 1939: 16 ಅಂಗುಲದ ಉಕ್ಕಿನ ಗಾಲಿ, ಬೋಲ್ಟ್‌ಗಳ ನಡುವೆ ಬಹಳ ಅಂತರವಿರುವ ‘ವೈಡ್ ಫೈವ್’ ಜೋಡಣೆ
- 1940ರಿಂದ 1948: 16 ಅಂಗುಲದ ಉಕ್ಕಿನ ಗಾಲಿ

ಟೈರಿನ ಅಳತೆಯಲ್ಲಿ ಮೊದಲ ಅಂಕಿ ಅದರ ಅಗಲವನ್ನೂ ಎರಡನೆಯದು ರಿಮ್ಮಿನ ವ್ಯಾಸವನ್ನೂ ಅಂಗುಲಗಳಲ್ಲಿ ಸೂಚಿಸುತ್ತದೆ. ಆ ಕಾಲದ ಟೈರಿನ ಎತ್ತರ ಹೆಚ್ಚುಕಡಿಮೆ ಅದರ ಅಗಲದಷ್ಟೇ ಇರುತ್ತಿದ್ದುದರಿಂದ, ರಿಮ್ಮಿನ ವ್ಯಾಸಕ್ಕೆ ಅಗಲದ ಎರಡರಷ್ಟನ್ನು ಕೂಡಿಸಿದರೆ ಹೊರವ್ಯಾಸ ಸ್ಥೂಲವಾಗಿ ದೊರೆಯುತ್ತದೆ. 4.50-21 ಟೈರಿಗೆ 30 ಅಂಗುಲ, 6.00-16 ಟೈರಿಗೆ 28 ಅಂಗುಲ. ಅಂದರೆ ರಿಮ್ 5 ಅಂಗುಲ ಕುಗ್ಗಿದರೂ ಹೊರವ್ಯಾಸ ಕುಗ್ಗಿದ್ದು ಕೇವಲ 2 ಅಂಗುಲ. ಲೋಹ ಕಡಿಮೆಯಾಗಿ ರಬ್ಬರ್ ಹೆಚ್ಚಾಯಿತು. ಹಳೆಯ ಕಾರಿಗೆ ಹೊಸ ನೋಟ ಬಂದದ್ದು ಈ ಅನುಪಾತದಿಂದ. ಮಾದರಿಯಲ್ಲಿ ತಪ್ಪು ಎದ್ದು ಕಾಣುವುದೂ ಇಲ್ಲಿಯೇ.

ಗಾಲಿಯನ್ನು ಆರಿಸಿದ್ದು ಬ್ರೇಕು

ಗಾಲಿ ಕೂರುವುದು ಬ್ರೇಕ್ ಡ್ರಮ್ಮಿನ ಮೇಲೆ. ಆದ್ದರಿಂದ ಯಾವ ಬ್ರೇಕ್ ಇದೆಯೋ ಅದಕ್ಕೆ ಒಗ್ಗುವ ಗಾಲಿಯೇ ಬೇಕು. 1938ರವರೆಗೆ ಫೋರ್ಡ್ ಕಾರುಗಳಲ್ಲಿದ್ದುದು ಸರಳು ಅಥವಾ ತಂತಿಯಿಂದ ಎಳೆಯುವ ಯಾಂತ್ರಿಕ ಬ್ರೇಕ್. 1939ರಲ್ಲಿ ಕಂಪನಿ ಹೈಡ್ರಾಲಿಕ್ ಬ್ರೇಕ್ ಅಳವಡಿಸಿತು. ನೂರು ಮೈಲು ವೇಗದ ಕನಸು ಕಾಣುತ್ತಿದ್ದ ಯುವಕರು ಹೊಸ ಬ್ರೇಕ್‌ಗಳನ್ನು ಗುಜರಿಯಿಂದ ತಂದು 1932ರ ಕಾರಿಗೆ ಕೂರಿಸತೊಡಗಿದರು.

1939ರ ಬ್ರೇಕ್ ಬಳಸಿದರೆ ವೈಡ್ ಫೈವ್ ಗಾಲಿ ಅನಿವಾರ್ಯ. ಇದರ ಐದು ಬೋಲ್ಟ್‌ಗಳು ಹತ್ತೂಕಾಲು ಅಂಗುಲ ವ್ಯಾಸದ ವೃತ್ತದ ಮೇಲೆ ನಿಲ್ಲುತ್ತವೆ. 1940ರಿಂದ 1948ರವರೆಗಿನ ಬ್ರೇಕ್‌ಗಳಾದರೆ ಬೋಲ್ಟ್ ವೃತ್ತ ಐದೂವರೆ ಅಂಗುಲ. ಇದು 1928-35ರ ಕಾರುಗಳ ಅಳತೆಯೂ ಹೌದು. ಹಾಗಾಗಿ ಹೊಸ ಉಕ್ಕಿನ ಗಾಲಿಗಳು ಸುಲಭವಾಗಿ ಹೊಂದಿಕೊಂಡವು. ಆದರೆ ಹಳೆಯ ಕಡ್ಡಿ ಗಾಲಿಯನ್ನು ಹೊಸ ಡ್ರಮ್ಮಿನ ಮೇಲೆ ಕೂರಿಸಲು ನಡುವೆ ಆಧಾರದ ಬಳೆಯೊಂದನ್ನು ಇಡಬೇಕಾಗುತ್ತಿತ್ತು. ಯುದ್ಧಾನಂತರದ ಹಾಟ್ ರಾಡ್‌ಗಳಲ್ಲಿ ಉಕ್ಕಿನ ಗಾಲಿ ಮೇಲುಗೈ ಸಾಧಿಸಿದ್ದರ ಹಿಂದೆ ಅಭಿರುಚಿಯಷ್ಟೇ ಈ ಅನುಕೂಲವೂ ಇದೆ. ಮಾದರಿ ಜೋಡಿಸುವವರು ಮುಂಗಾಲಿಯ ಹಿಂದಿನ ಡ್ರಮ್ ಯಾವ ವರ್ಷದ್ದೆಂದು ಮೊದಲು ಗಮನಿಸಿದರೆ ಗಾಲಿಯ ಆಯ್ಕೆ ತಾನಾಗಿಯೇ ಕಿರಿದಾಗುತ್ತದೆ.

ಯುದ್ಧಪೂರ್ವದ ಕೆರೆಯಂಗಳ

1930ರ ದಶಕದ ಉತ್ತರಾರ್ಧದ ಕಾರಿಗೆ ಕಡ್ಡಿ ಗಾಲಿಯೇ ಸರಿ. ಕೈಯಲ್ಲಿ ಕಾಸಿದ್ದವರು ಕೆಲ್ಸಿ-ಹೇಸ್ ಕಂಪನಿಯ ಬಾಗಿದ ಕಡ್ಡಿಗಳ 16 ಅಂಗುಲದ ಗಾಲಿಗಳನ್ನು ಹುಡುಕಿ ಹಾಕುತ್ತಿದ್ದರು. ಇವು ಆ ಪೀಳಿಗೆಯ ಪ್ರತಿಷ್ಠೆಯ ಕುರುಹು. ಉಳಿದವರು ತಮ್ಮ ಕಾರಿನ ಮೂಲ ಗಾಲಿಯಲ್ಲೋ, 1935ರ ಫೋರ್ಡಿನಿಂದ ಬಿಚ್ಚಿದ ಗಾಲಿಯಲ್ಲೋ ತೃಪ್ತಿಪಟ್ಟರು. ವೇಗದ ಓಟಕ್ಕೆ ಇಳಿಯುವ ಕಾರಿಗೆ ಕಪ್ಪು ಟೈರ್ ಸಹಜ.

ಅಮೆರಿಕ ಎರಡನೇ ಮಹಾಯುದ್ಧಕ್ಕೆ ಧುಮುಕಿದ ಕೂಡಲೇ ರಬ್ಬರಿನ ಅಭಾವ ತಲೆದೋರಿತು. ಆ ದೇಶದಲ್ಲಿ ಪಡಿತರಕ್ಕೆ ಒಳಪಟ್ಟ ಮೊದಲ ವಸ್ತುವೇ ಟೈರ್. 1942ರ ಜನವರಿಯಲ್ಲಿ ಅದು ಜಾರಿಗೆ ಬಂದಿತು. ಯುದ್ಧದ ವರ್ಷಗಳ ಕಾರನ್ನು ತೋರಿಸುವ ಮಾದರಿಗೆ ಹೊಚ್ಚಹೊಸ ಬಿಳಿಯಂಚಿನ ಟೈರ್ ತೊಡಿಸುವುದು ಇತಿಹಾಸಕ್ಕೆ ವಿರುದ್ಧ. ಸವೆದ, ಒಂದಕ್ಕೊಂದು ಹೊಂದದ ಟೈರ್‌ಗಳೇ ಅಲ್ಲಿ ಹೆಚ್ಚು ನಿಜ.

ಯುದ್ಧಾನಂತರ: ಹಿಂದೆ ದೊಡ್ಡದು, ಮುಂದೆ ಚಿಕ್ಕದು

1945ರ ನಂತರದ ಹಾಟ್ ರಾಡಿನ ಪ್ರಸಿದ್ಧ ನಿಲುವು ರೂಪುಗೊಂಡದ್ದು ಎರಡು ಅಳತೆಯ ಟೈರ್‌ಗಳಿಂದ. 16 ಅಂಗುಲದ ಉಕ್ಕಿನ ಗಾಲಿಗೆ ಮುಂದೆ 5.00 ಅಥವಾ 5.50 ಅಗಲದ ಟೈರ್, ಹಿಂದೆ 7.00 ಅಗಲದ ಟೈರ್. ಇದು ಸೊಗಸಿಗಾಗಿ ಮಾತ್ರ ಹುಟ್ಟಿದ್ದಲ್ಲ. ಹಿಂದಿನ ಟೈರ್ ದೊಡ್ಡದಾದಷ್ಟೂ ಎಂಜಿನ್ ಸುತ್ತುವ ಪ್ರತಿ ಸುತ್ತಿಗೆ ಕಾರು ಹೆಚ್ಚು ದೂರ ಸಾಗುತ್ತದೆ. ಹೀಗೆ ಗೇರ್ ಬದಲಿಸದೆಯೇ ಗರಿಷ್ಠ ವೇಗ ಹೆಚ್ಚಿಸಬಹುದಿತ್ತು. ಮುಂದಿನ ಸಣ್ಣ ಟೈರ್ ಭಾರವನ್ನೂ ಗಾಳಿಯ ತಡೆಯನ್ನೂ ಕಡಿಮೆ ಮಾಡಿತು. ಕಾರು ಮುಂದಕ್ಕೆ ಬಾಗಿದಂತೆ ತೋರಿದ್ದು ಇದರ ಫಲ.

ಉಕ್ಕಿನ ಗಾಲಿಗೆ ಕೆಂಪು ಅಥವಾ ಕೆನೆ ಬಣ್ಣ, ನಡುವೆ 1940ರ ಫೋರ್ಡಿನ ಮುಚ್ಚಳ, ಅಂಚಿಗೆ ಹೊಳೆಯುವ ಬಳೆ ಎಂಬುದು ಈ ಕಾಲದ ಜನಪ್ರಿಯ ಜೋಡಿ. ದಶಕದ ಕೊನೆಗೆ 15 ಅಂಗುಲದ ಉಕ್ಕಿನ ಗಾಲಿಗಳೂ ಬಳಕೆಗೆ ಬಂದವು. ಅವುಗಳಿಗೆ ಮುಂದೆ 5.60-15, ಹಿಂದೆ 8.20-15 ಟೈರ್ ಹೊಂದುತ್ತಿತ್ತು. ವೇಗದ ದಾಖಲೆಗೆ ಹೊರಟ ಕಾರುಗಳು ಗಾಳಿಯ ತಡೆ ತಗ್ಗಿಸಲು ಗಾಲಿಯ ಮೇಲೆ ನಯವಾದ ಅಲ್ಯೂಮಿನಿಯಂ ತಟ್ಟೆಗಳನ್ನು ಬಿಗಿಯುತ್ತಿದ್ದವು. ಡೀನ್ ಮೂನ್ ಅವರ ಹೆಸರಿನಿಂದ ಇವು ‘ಮೂನ್ ಡಿಸ್ಕ್’ ಎಂದು ಖ್ಯಾತವಾದವು.

ಐವತ್ತರ ದಶಕ: ಪ್ರದರ್ಶನ ಮತ್ತು ಪಂದ್ಯ

1950ರಲ್ಲಿ ಎರಡು ಹೊಸ ದಾರಿಗಳು ತೆರೆದವು. ಓಕ್‌ಲ್ಯಾಂಡಿನಲ್ಲಿ ರೋಡ್‌ಸ್ಟರ್ ಪ್ರದರ್ಶನ ಆರಂಭವಾಗಿ ಹೊಳಪಿಗೆ ಬೆಲೆ ಬಂದಿತು. ಅದೇ ವರ್ಷ ಸಾಂಟಾ ಆನಾ ವಿಮಾನ ನಿಲ್ದಾಣದಲ್ಲಿ ಡ್ರ್ಯಾಗ್ ಪಂದ್ಯಗಳು ಶುರುವಾಗಿ ನಿಂತಲ್ಲಿಂದ ಚಿಮ್ಮುವ ಶಕ್ತಿಗೆ ಬೆಲೆ ಬಂದಿತು.

ಪ್ರದರ್ಶನದ ಹಾಗೂ ಬೀದಿಯ ಕಾರುಗಳಲ್ಲಿ ಅಗಲವಾದ ಬಿಳಿಯಂಚಿನ ಟೈರ್, ದುಬಾರಿ ಕಾರುಗಳಿಂದ ತಂದ ಪೂರ್ಣ ಗಾತ್ರದ ಗಾಲಿಮುಚ್ಚಳಗಳು ರಾರಾಜಿಸಿದವು. 1953ರ ಓಲ್ಡ್ಸ್‌ಮೊಬೀಲ್ ಫಿಯೆಸ್ಟಾ ಕಾರಿನ ಮೂರು ರೆಕ್ಕೆಯ ಮುಚ್ಚಳ, 1957ರ ಡಾಜ್ ಲ್ಯಾನ್ಸರ್ ಕಾರಿನ ನಾಲ್ಕು ರೆಕ್ಕೆಯ ಮುಚ್ಚಳ ಇವುಗಳಲ್ಲಿ ಮುಖ್ಯ. ಇವು ಕಾಲನಿರ್ಣಯಕ್ಕೆ ಅತ್ಯುತ್ತಮ ಸಾಕ್ಷಿಗಳು. ಫಿಯೆಸ್ಟಾ ಮುಚ್ಚಳವಿರುವ ಮಾದರಿ 1953ಕ್ಕಿಂತ ಹಿಂದಿನದಾಗಲಾರದು. ದಶಕದ ಕೊನೆಯಲ್ಲಿ ಉಕ್ಕಿನ ಗಾಲಿಯ ನಡುಭಾಗವನ್ನು ಬಿಡಿಸಿ, ರಿಮ್ಮನ್ನು ತಿರುಗಿಸಿ ಬೆಸೆದು, ಕ್ರೋಮ್ ಲೇಪಿಸುವ ‘ಕ್ರೋಮ್ ರಿವರ್ಸ್’ ಪದ್ಧತಿ ಹರಡಿತು. ಇದರಿಂದ ಗಾಲಿಯ ಹೊರಮುಖ ಬಟ್ಟಲಿನಂತೆ ಆಳವಾಗಿ ಕಾಣುತ್ತದೆ.

ಪಂದ್ಯದ ಕಾರುಗಳಲ್ಲಿ ಹಿಂದಿನ ಟೈರಿನ ಅಚ್ಚು ಮಾಯವಾಗಿ, ನೆಲವನ್ನು ಹಿಡಿಯುವ ನುಣುಪಾದ ‘ಸ್ಲಿಕ್’ ಬಂದಿತು. ಮೊದಮೊದಲು ಅಚ್ಚಿಲ್ಲದಂತೆ ರೀಟ್ರೆಡ್ ಮಾಡಿಸಿದ ಟೈರ್‌ಗಳು, ಆಮೇಲೆ ಪಂದ್ಯಕ್ಕೆಂದೇ ತಯಾರಿಸಿದವು.

ಟೆಡ್ ಹ್ಯಾಲಿಬ್ರ್ಯಾಂಡ್ ಅವರ ಎರಕದ ಮೆಗ್ನೀಸಿಯಂ ಗಾಲಿಗಳು ಯುದ್ಧಾನಂತರವೇ ಬಂದಿದ್ದವು. 1950ರ ದಶಕದ ಇಂಡಿಯಾನಾಪೊಲಿಸ್ ಪಂದ್ಯದ ಕಾರುಗಳಲ್ಲಿ ಅವು ಸಾಮಾನ್ಯ ನೋಟವಾಗಿದ್ದವು. ಆದರೆ ಬೆಲೆ ಹೆಚ್ಚಾದ್ದರಿಂದ ಬೀದಿಯ ಹಾಟ್ ರಾಡ್‌ಗಳಲ್ಲಿ ಆಗ ವಿರಳ. ತಯಾರಾದ ವರ್ಷವನ್ನು ಮಾತ್ರ ನೋಡಿ 1949ರ ಬಡ ರೋಡ್‌ಸ್ಟರಿಗೆ ಇವುಗಳನ್ನು ಹಾಕಿದರೆ ತಾಂತ್ರಿಕವಾಗಿ ತಪ್ಪಲ್ಲ, ಆದರೆ ನಂಬಲು ಕಷ್ಟ. ‘ಇತ್ತೇ?’ ಎಂಬ ಪ್ರಶ್ನೆಯ ಬೆನ್ನಿಗೇ ‘ಇವನಿಗೆ ದಕ್ಕುತ್ತಿತ್ತೇ?’ ಎಂಬ ಪ್ರಶ್ನೆಯನ್ನೂ ಕೇಳಬೇಕು.

ಅರವತ್ತರ ದಶಕ: ಗಡಿರೇಖೆ

1960ರ ದಶಕದ ಮೊದಲಾರ್ಧದಲ್ಲಿ ಅಲ್ಯೂಮಿನಿಯಂ ಗಾಲಿಗಳು ಬೀದಿಗೆ ಇಳಿದವು. ಅಮೆರಿಕನ್ ರೇಸಿಂಗ್ ಕಂಪನಿಯ ಐದು ಕಡ್ಡಿಯ ‘ಟಾರ್ಕ್ ಥ್ರಸ್ಟ್’ ಹಾಗೂ 1964ರಲ್ಲಿ ಬಂದ ‘ಕ್ರೇಗರ್ ಎಸ್‌ಎಸ್’ ಅತ್ಯಂತ ಪ್ರಸಿದ್ಧ. ಎಲ್ಲವೂ ಮೆಗ್ನೀಸಿಯಂ ಅಲ್ಲದಿದ್ದರೂ ಇವುಗಳಿಗೆ ‘ಮ್ಯಾಗ್’ ಎಂಬ ಹೆಸರೇ ನಿಂತಿತು. ಬಿಳಿಯಂಚು ಕೂಡ 1962ರ ಕಾರುಗಳಿಂದೀಚೆಗೆ ತೆಳ್ಳಗಿನ ಪಟ್ಟಿಯಾಯಿತು. ಅಗಲ ಬಿಳಿಯಂಚಿನ ಟೈರಿಗೆ ಕ್ರೇಗರ್ ಗಾಲಿ ಸೇರಿಸುವುದು ಎರಡು ಕಾಲಗಳನ್ನು ಬೆರೆಸಿದಂತೆ.

ರೇಡಿಯಲ್ ಟೈರ್ ಅಮೆರಿಕದ ರಸ್ತೆಗಳಲ್ಲಿ ಸಾಮಾನ್ಯವಾದದ್ದು 1970ರ ದಶಕದಲ್ಲಿ. ಅಗಲವಾದ, ಚಪ್ಪಟೆ ಅಂಚಿನ ರೇಡಿಯಲ್ ಟೈರ್ ಸಾಂಪ್ರದಾಯಿಕ ಮಾದರಿಯಲ್ಲಿ ಸಲ್ಲದು. ಅಂದಿನ ಬಯಾಸ್ ಟೈರಿನ ನೆಲಕ್ಕೆ ತಾಗುವ ಪಟ್ಟಿ ಕಿರಿದು, ಭುಜ ದುಂಡಗೆ.

ಮಿಲಿಮೀಟರಿನ ಲೆಕ್ಕ

ಕಾರಿನ ಮಾದರಿಗಳಲ್ಲಿ 1:25 ಹಾಗೂ 1:24 ಎಂಬ ಎರಡು ಪ್ರಮಾಣಗಳು ಹೆಚ್ಚು ರೂಢಿಯಲ್ಲಿವೆ. ಎಎಂಟಿ ಹೆಸರಿನ ಕಿಟ್‌ಗಳು ಸಾಮಾನ್ಯವಾಗಿ 1:25, ಹಳೆಯ ಮೊನೊಗ್ರಾಮ್ ಕಿಟ್‌ಗಳು ಬಹುತೇಕ 1:24. ಒಂದು ಅಂಗುಲವೆಂದರೆ 25.4 ಮಿ.ಮೀ. ಆದ್ದರಿಂದ 1:25 ಪ್ರಮಾಣದಲ್ಲಿ ನಿಜವಾದ ಕಾರಿನ ಒಂದು ಅಂಗುಲ ಮಾದರಿಯಲ್ಲಿ ಹೆಚ್ಚುಕಡಿಮೆ ಒಂದು ಮಿ.ಮೀ. ಆಗುತ್ತದೆ. ಲೆಕ್ಕಯಂತ್ರವೇ ಬೇಡ. 28 ಅಂಗುಲದ ಟೈರ್ 28.4 ಮಿ.ಮೀ., 30 ಅಂಗುಲದ್ದು 30.5 ಮಿ.ಮೀ. ಇದೇ 30 ಅಂಗುಲದ ಟೈರ್ 1:24ರಲ್ಲಿ 31.8 ಮಿ.ಮೀ. ಒಂದು ಪ್ರಮಾಣದ ಕಾರಿಗೆ ಇನ್ನೊಂದರ ಗಾಲಿ ಬಳಸುವ ಮುನ್ನ ಈ ವ್ಯತ್ಯಾಸವನ್ನು ಅಳೆಯಬೇಕು.

ಅಳೆಯುವಾಗ ಇನ್ನೊಂದು ಎಚ್ಚರ ಅಗತ್ಯ. 16 ಅಂಗುಲ ಎಂಬುದು ಟೈರ್ ಕೂರುವ ಜಾಗದ ವ್ಯಾಸವೇ ಹೊರತು ಕಣ್ಣಿಗೆ ಕಾಣುವ ಅಂಚಿನದ್ದಲ್ಲ. ಅಂಚು ಅದಕ್ಕಿಂತ ಅಂಗುಲಕ್ಕೂ ಮಿಗಿಲಾಗಿ ದೊಡ್ಡದಿರುತ್ತದೆ. ಹಾಗಾಗಿ 1:25 ಮಾದರಿಯಲ್ಲಿ 16 ಅಂಗುಲದ ಗಾಲಿಯ ಹೊರ ಅಂಚು 17 ಮಿ.ಮೀ.ಗಿಂತ ತುಸು ಹೆಚ್ಚಿದ್ದರೆ ಅದು ಸರಿಯಾದ ಅಳತೆಯೇ.

ಕಿಟ್ ಯಾವ ಪ್ರಮಾಣದ್ದೆಂಬ ಸಂಶಯವಿದ್ದರೆ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರ ಅಳೆಯಬಹುದು. 1932ರ ಫೋರ್ಡಿಗೆ ಅದು 106 ಅಂಗುಲ. 1:25ರಲ್ಲಿ 107.7 ಮಿ.ಮೀ., 1:24ರಲ್ಲಿ 112.2 ಮಿ.ಮೀ.

ಕೈಕೆಲಸದ ಕೆಲವು ಸೂಚನೆ

ಹಲವು ಕಿಟ್‌ಗಳಲ್ಲಿ ಎರಡು-ಮೂರು ಬಗೆಯ ಗಾಲಿಗಳು ಒಟ್ಟಿಗೆ ಬರುತ್ತವೆ. ಅವೆಲ್ಲ ಒಂದೇ ಕಾಲದವೆಂದು ಭಾವಿಸಬಾರದು. ಎಎಂಟಿ ಕಂಪನಿ 1958ರಲ್ಲಿ ಒಂದೇ ಪೆಟ್ಟಿಗೆಯಿಂದ ಮೂರು ಬಗೆಯಾಗಿ ಜೋಡಿಸಬಹುದಾದ ಕಿಟ್‌ಗಳನ್ನು ಹೊರತಂದಾಗಿನಿಂದ ಈ ವೈವಿಧ್ಯವೇ ಮಾರಾಟದ ಆಕರ್ಷಣೆ.

ಕಿಟ್‌ಗಳಲ್ಲಿ ಗಾಲಿಗಳಿಗೆ ಕ್ರೋಮ್ ಲೇಪನವಿರುವುದು ಸಾಮಾನ್ಯ. 1940ರ ದಶಕದ ಉಕ್ಕಿನ ಗಾಲಿಗೆ ಅದು ಸರಿಹೊಂದದು. ಬಟ್ಟೆಗೆ ಬಳಸುವ ಬ್ಲೀಚಿನಲ್ಲಿ ನೆನೆಸಿದರೆ ಲೇಪನ ಕರಗುತ್ತದೆ. ಕೈಗವಸು ತೊಟ್ಟು, ಗಾಳಿಯಾಡುವ ಜಾಗದಲ್ಲಿ ಈ ಕೆಲಸ ಮಾಡಬೇಕು. ಬ್ಲೀಚಿಗೆ ಬೇರಾವ ರಾಸಾಯನಿಕವನ್ನೂ ಬೆರೆಸಬಾರದು. ಮೆಗ್ನೀಸಿಯಂ ಗಾಲಿಗೆ ಕನ್ನಡಿಯ ಹೊಳಪಲ್ಲ, ಮಂಕಾದ ಬೂದು ಛಾಯೆಯೇ ಸಹಜ.

ಎರಕದ ಪ್ಲಾಸ್ಟಿಕ್ ಕಡ್ಡಿಗಳು ಪ್ರಮಾಣಕ್ಕಿಂತ ದಪ್ಪ. ಕಡ್ಡಿಗಳ ನಡುವಿನ ಸಂದಿಗೆ ತೆಳುವಾದ ಕಪ್ಪು ಬಣ್ಣ ಹರಿಸಿದರೆ ಅವು ಸಪೂರವಾಗಿ ಕಾಣುತ್ತವೆ. ಟೈರಿನ ಹೊಳಪನ್ನು ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ ತೆಗೆಯಬೇಕು. ಮೆದು ವಿನೈಲ್ ಟೈರಿನಿಂದ ಒಸರುವ ರಾಸಾಯನಿಕ ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ರಿಮ್ಮನ್ನು ಕರಗಿಸುವುದುಂಟು. ರಿಮ್ಮಿಗೆ ಲೋಹದ ತೆಳುಹಾಳೆ ಸುತ್ತಿ ಎರಡೂ ನೇರವಾಗಿ ತಾಗದಂತೆ ಮಾಡುವುದು ಲೇಸು.

ವರ್ಷವಾರು ಆಯ್ಕೆ: ಒಂದು ನೋಟ

- 1941, ಕೆರೆಯಂಗಳದ ರೋಡ್‌ಸ್ಟರ್: 16 ಅಂಗುಲದ ಕಡ್ಡಿ ಗಾಲಿ, ಯಾಂತ್ರಿಕ ಬ್ರೇಕ್, ಕಪ್ಪು ಟೈರ್
- 1948, ಬೀದಿಯ ರೋಡ್‌ಸ್ಟರ್: 1940ರ ಫೋರ್ಡಿನ ಬ್ರೇಕ್ ಮತ್ತು ಉಕ್ಕಿನ ಗಾಲಿ, ಮುಂದೆ 5.50-16, ಹಿಂದೆ 7.00-16
- 1957, ಬೀದಿಯ ಕೂಪೆ: 15 ಅಂಗುಲದ ಉಕ್ಕಿನ ಗಾಲಿ, ಫಿಯೆಸ್ಟಾ ಮುಚ್ಚಳ, ಅಗಲ ಬಿಳಿಯಂಚು
- 1957, ಪಂದ್ಯದ ಕೂಪೆ: ಮುಂದೆ ಕಿರಿದಾದ ಟೈರಿನ ಉಕ್ಕಿನ ಗಾಲಿ, ಹಿಂದೆ ಸ್ಲಿಕ್
- 1964, ಬೀದಿಯ ಕೂಪೆ: ಕ್ರೋಮ್ ರಿವರ್ಸ್ ಅಥವಾ ಅಲ್ಯೂಮಿನಿಯಂ ಗಾಲಿ, ತೆಳು ಬಿಳಿಯಂಚು ಇಲ್ಲವೇ ಕಪ್ಪು ಟೈರ್

ಹಳೆಯದು ಹೊಸ ಕಾರಿನಲ್ಲಿ ಇರಬಹುದು, ಹೊಸದು ಹಳೆಯ ಕಾರಿನಲ್ಲಿ ಇರಲಾಗದು ಎಂಬ ಒಂದೇ ಸೂತ್ರ ಈ ಎಲ್ಲ ಆಯ್ಕೆಗಳ ಹಿಂದಿದೆ. 1957ರಲ್ಲೂ ಹಣವಿಲ್ಲದ ಹುಡುಗನೊಬ್ಬ ಹದಿನೇಳು ವರ್ಷ ಹಳೆಯ ಉಕ್ಕಿನ ಗಾಲಿಯ ಮೇಲೆಯೇ ಕಾರು ಓಡಿಸಿರಬಹುದು. ಆದ್ದರಿಂದ ಸಂಶಯ ಬಂದಾಗ ಹೆಚ್ಚು ಹಳೆಯದಾದ, ಹೆಚ್ಚು ಸರಳವಾದ ಗಾಲಿಯನ್ನು ಆರಿಸಿಕೊಳ್ಳುವುದೇ ಸುರಕ್ಷಿತ ಮಾರ್ಗ. ಆ ಆಯ್ಕೆ ಜೇಬಿಗೂ ಹಗುರ, ಆ ಕಾರುಗಳನ್ನು ಕಟ್ಟಿದವರ ಬದುಕಿಗೂ ಹತ್ತಿರ.